160 ಎಂಬ ಲೆಕ್ಕ ಎಲ್ಲಿಂದ ಬಂತು?

ನಮ್ಮ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಇವತ್ತೂ ಅಷ್ಟೇ, 1993ರಿಂದಲೂ ಅಷ್ಟೇ. ಭೂತಾನ್‌ನಲ್ಲಂತೂ ಲೆಕ್ಕವೇ ಬೇಡ, ಅವರ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಡಾಲರ್ ದಿನಾ ಏರಿ ಇಳಿಯುತ್ತಿರುವಾಗ ಈ ಎರಡು ದರ ಮಾತ್ರ ಕದಲದೆ ನಿಂತಿವೆ. ಸುಮ್ನೆ ನಿಂತಿಲ್ಲ, ಅದಕ್ಕಾಗಿ ಆ ದೇಶಗಳು ತುಂಬಾ ಕಷ್ಟಪಟ್ಟಿವೆ.

ನೇಪಾಳಿ ರೂಪಾಯಿ ಹುಟ್ಟಿದ್ದು 1932ರಲ್ಲಿ. ಆದರೂ ಎಷ್ಟೋ ವರ್ಷ ಭಾರತದ ಗಡಿಗೆ ಹೊಂದಿಕೊಂಡ ತರಾಯಿ ಬಯಲಿನಲ್ಲಿ ಜಾಸ್ತಿ ಓಡಾಡುತ್ತಿದ್ದದ್ದು ಭಾರತದ ರೂಪಾಯಿಯೇ. ಎರಡೂ ಹಣ ಒಟ್ಟಿಗೆ ಚಲಾವಣೆಯಲ್ಲಿದ್ದವು, ಒಂದಕ್ಕೆ ಇನ್ನೊಂದರ ಬೆಲೆ ಇಂದು ಒಂದು, ನಾಳೆ ಇನ್ನೊಂದು. ಇಂಥ ಕಡೆ ನಷ್ಟವಾಗುವುದು ಯಾವಾಗಲೂ ಸಣ್ಣವರಿಗೇ ಅಲ್ವಾ? 1956ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್, ನೇಪಾಳ ರಾಷ್ಟ್ರ ಬ್ಯಾಂಕ್ ಶುರುವಾಯಿತು. 1960ರಲ್ಲಿ ಅದು 100ಕ್ಕೆ 160 ಎಂದು ದರ ಕಟ್ಟಿತು.

ಆದರೆ ಆ ಗಂಟು ಅಷ್ಟು ಗಟ್ಟಿಯಾಗಿರಲಿಲ್ಲ. 1966ರ ಜೂನ್‌ನಲ್ಲಿ ಭಾರತ ತನ್ನ ರೂಪಾಯಿ ಬೆಲೆ ಇಳಿಸಿತು, ಡಾಲರ್‌ಗೆ 4.76 ಇದ್ದದ್ದು 7.50 ಆಯಿತು. ನೇಪಾಳ ಇಳಿಸಲಿಲ್ಲ. ಹಾಗಾಗಿ 160 ಇದ್ದದ್ದು 101.25ಕ್ಕೆ ಬಂತು, ಹೆಚ್ಚುಕಡಿಮೆ ಎರಡೂ ಸಮ. ಕೇಳೋಕೆ ಹೆಮ್ಮೆಯ ವಿಷಯ. ಆದರೆ ಭಾರತದ ಸಾಮಾನು ಅಲ್ಲಿ ಅಗ್ಗವಾಯಿತು, ನೇಪಾಳದ ಸಾಮಾನು ಭಾರತದಲ್ಲಿ ದುಬಾರಿಯಾಯಿತು. ಭಾರತಕ್ಕೆ ಮಾರಿಯೇ ಬದುಕಬೇಕಾದ ದೇಶ ಇದನ್ನು ಎಷ್ಟು ದಿನ ತಡೆದುಕೊಳ್ಳುತ್ತದೆ? 1967ರ ಡಿಸೆಂಬರ್‌ನಲ್ಲಿ ದರ 135 ಆಯಿತು. 1985ರಲ್ಲಿ 170, ಆಮೇಲೆ 168, 1991ರಲ್ಲಿ 165. ಕೊನೆಗೆ 1993ರ ಫೆಬ್ರವರಿಯಲ್ಲಿ ಮತ್ತೆ ಅದೇ ಹಳೆಯ 160.

ಭೂತಾನ್ ದಾರಿ ಬೇರೆ. ಅಲ್ಲಿ ಬಹಳ ಕಾಲ ಸಾಮಾನಿಗೆ ಸಾಮಾನು ಕೊಟ್ಟು ತರುತ್ತಿದ್ದರು, ತೆರಿಗೆಯನ್ನೂ ಧಾನ್ಯ, ಬಟ್ಟೆಯ ರೂಪದಲ್ಲಿ ಕಟ್ಟುತ್ತಿದ್ದರು. ನ್ಗುಲ್ಟ್ರಮ್ ಬಂದದ್ದು 1974ರಲ್ಲಿ. ಭಾರತದ ನೋಟು ಈಗಲೂ ಅಲ್ಲಿ ಚಲಾವಣೆಯಲ್ಲಿದೆ. ಚುಖಾ, ತಾಲಾ ಜಲವಿದ್ಯುತ್ ಯೋಜನೆಗಳು ಭಾರತದ ಹಣದಲ್ಲಿ ಎದ್ದವು, ಅಲ್ಲಿನ ಕರೆಂಟನ್ನು ಭಾರತಕ್ಕೆ ಮಾರಿ ಭೂತಾನ್ ರೂಪಾಯಿ ಗಳಿಸುತ್ತದೆ. ಹಾಗಿದ್ದೂ 2012ರಲ್ಲಿ ರೂಪಾಯಿಯೇ ಸಾಲದಾಯಿತು. ಅಣೆಕಟ್ಟು ಕಟ್ಟುವಾಗ ದುಡ್ಡು ಹರಿದು ಬಂತು, ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು, ಜನ ಕಾರು ಕೊಂಡರು, ಮನೆ ಕಟ್ಟಿದರು. ಆ ಕಾರು, ಕಬ್ಬಿಣ, ಪೆಟ್ರೋಲ್ ಎಲ್ಲಾ ಬರಬೇಕಾದದ್ದು ಭಾರತದಿಂದ, ರೂಪಾಯಿ ಕೊಟ್ಟು. ಅಲ್ಲಿನ ಕೇಂದ್ರ ಬ್ಯಾಂಕ್ ಹಿಂದಿನ ವರ್ಷವೇ 20 ಕೋಟಿ ಡಾಲರ್ ಮಾರಿ ರೂಪಾಯಿ ತಂದಿತ್ತು. ಅದೂ ಸಾಲದೆ ಕಾರು ಆಮದು ನಿಲ್ಲಿಸಬೇಕಾಯಿತು, ಮನೆ ಮತ್ತು ವಾಹನ ಸಾಲವನ್ನೂ ತಡೆಹಿಡಿಯಬೇಕಾಯಿತು.

ಒಂದಕ್ಕೆ ಒಂದು ಅನ್ನುವುದು ಬರೀ ದರ ಅಲ್ಲ, ಅದೊಂದು ಮಾತು. ಯಾರೇ ನ್ಗುಲ್ಟ್ರಮ್ ಹಿಡಿದು ಬಂದರೂ ರೂಪಾಯಿ ಕೊಡುತ್ತೇವೆ ಎಂಬ ಮಾತು. ತಾನು ಅಚ್ಚು ಹಾಕದ ನೋಟಿನಲ್ಲಿ ಆ ಮಾತು ಉಳಿಸಿಕೊಳ್ಳಬೇಕು. ನೇಪಾಳದ್ದೂ ಇದೇ ಪಾಡು. ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ ಬಿಸಿಲಿಗೆ ಬೆಂದು ದುಡಿಯುವವರು ಮನೆಗೆ ಕಳಿಸುವ ಹಣದಿಂದ ಡಾಲರ್ ಬರುತ್ತದೆ. ನೇಪಾಳ ರಾಷ್ಟ್ರ ಬ್ಯಾಂಕ್ ಆ ಡಾಲರ್ ಮಾರಿ ರೂಪಾಯಿ ಕೊಳ್ಳುತ್ತದೆ. ಹಾಗಾಗಿ 160ನ್ನು ಎತ್ತಿ ಹಿಡಿದಿರುವುದರಲ್ಲಿ ಆ ಕೂಲಿಯವರ ಪಾಲು ದೊಡ್ಡದು ಅಂತ ನನಗನ್ನಿಸುತ್ತದೆ. ಇದರಿಂದ ಸಿಗುವ ನೆಮ್ಮದಿಯೂ ಸಣ್ಣದಲ್ಲ. ಗಡಿ ದಾಟುವ ವ್ಯಾಪಾರಿಗೆ ನಾಳೆಯ ದರದ ಚಿಂತೆ ಇಲ್ಲ.

ಆದರೆ ನಮ್ಮ ನೋಟನ್ನು ನಂಬಿದವರಿಗೆ ನಾವು ಏನು ಮಾಡಿದೆವು ಅನ್ನುವುದೂ ಇದೆ. 2016ರ ನವೆಂಬರ್ 8ರಂದು ಭಾರತ 500, 1000ದ ನೋಟು ರದ್ದು ಮಾಡಿತು. ಭಾರತದಲ್ಲಿ ದುಡಿದು ಊರಿಗೆ ಮರಳಿದ್ದ ನೇಪಾಳಿಗಳ ಪೆಟ್ಟಿಗೆಯಲ್ಲೂ ಆ ನೋಟುಗಳಿದ್ದವು. ಬದಲಿಸಿಕೊಡಿ ಎಂದು ನೇಪಾಳ ಮತ್ತೆ ಮತ್ತೆ ಕೇಳಿತು, ಮಾತುಕತೆಗಳೂ ನಡೆದವು, ವರ್ಷಗಳು ಕಳೆದರೂ ಅದು ಬಗೆಹರಿಯಲಿಲ್ಲ. 2018ರ ಡಿಸೆಂಬರ್‌ನಲ್ಲಿ ನೇಪಾಳವೇ 100ಕ್ಕಿಂತ ದೊಡ್ಡ ಭಾರತದ ನೋಟು ಬೇಡ ಎಂದಿತು.