ಕಾರಿನಲ್ಲಿ ಕಾರುವವರಿಗೆ

“ಡಾಕ್ಟ್ರೇ, ಇವಳಿಗೆ ವಾಂತಿಯ ಸಿರಪ್ ಒಂದು ಬರೆದುಕೊಡಿ. ಆದಿತ್ಯವಾರ ಮೈಸೂರಿಗೆ ಮದುವೆಗೆ ಹೋಗ್ಲಿಕ್ಕುಂಟು.”

ಮದುವೆ ಸೀಸನ್ ಬಂತೆಂದರೆ ಬದಿಯಡ್ಕದ ನನ್ನ ಕ್ಲಿನಿಕ್ಕಿನಲ್ಲಿ ಇದೇ ಮಾತು. ಎದುರು ಕೂತಿದ್ದ ಹುಡುಗಿಗೆ ಒಂಬತ್ತು ವರ್ಷ. ಹೊಟ್ಟೆ ಮುಟ್ಟಿ ನೋಡಿದೆ, ಏನೂ ತೊಂದರೆ ಇಲ್ಲ. ಅಮ್ಮ ‘ಸಂಪಾಜೆ ಘಾಟಿ’ ಎಂದ ಕೂಡಲೇ ಮಾತ್ರ ಅವಳ ಮುಖ ಸಣ್ಣದಾಯಿತು.

ತಪ್ಪು ಹೊಟ್ಟೆಯದ್ದಲ್ಲ. ಕಿವಿಯದ್ದು ಮತ್ತು ಕಣ್ಣಿನದ್ದು. ನಮ್ಮ ಒಳಗಿವಿಯಲ್ಲಿ ಮೂರು ಸಣ್ಣ ಬಾಗಿದ ಕೊಳವೆಗಳಿವೆ, ಒಳಗೆ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ. ಕೊಡಪಾನ ಗಕ್ಕನೆ ತಿರುಗಿಸಿದರೆ ಒಳಗಿನ ನೀರು ಕೂಡಲೇ ತಿರುಗುವುದಿಲ್ಲವಲ್ಲ, ಹಾಗೆ. ಅದರಿಂದಲೇ ಮೆದುಳಿಗೆ ‘ತಿರುಗುತ್ತಿದ್ದೇವೆ’ ಎಂದು ಗೊತ್ತಾಗುವುದು. ಈಗ ಹಿಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಕಾರ್ಟೂನು ನೋಡುವ ಹುಡುಗಿಯನ್ನು ನೆನೆಸಿಕೊಳ್ಳಿ. ಕಿವಿ ‘ಎಡಕ್ಕೆ ತಿರುಗಿತು, ಈಗ ಬಲಕ್ಕೆ’ ಎನ್ನುತ್ತದೆ. ಕಣ್ಣು ‘ಎಲ್ಲಿ? ಎದುರಿನ ಪರದೆ ಅಲ್ಲಾಡಲೇ ಇಲ್ಲ’ ಎನ್ನುತ್ತದೆ. ಈ ಜಗಳದ ದಂಡ ಕಟ್ಟುವುದು ಹೊಟ್ಟೆ. ಯಾಕೆ ಹೊಟ್ಟೆಯೇ? ವಿಷ ಸೇರಿದಾಗಲೂ ಹೀಗೇ ಕಣ್ಣು ಕಿವಿ ತಾಳ ತಪ್ಪುತ್ತವೆ, ಅದಕ್ಕೇ ಮೆದುಳು ‘ತಿಂದದ್ದನ್ನು ಹೊರಗೆ ಹಾಕು’ ಎನ್ನುತ್ತದೆ ಎಂದು 1977ರಲ್ಲಿ ಟ್ರೀಸ್ಮನ್ ಎಂಬ ವಿಜ್ಞಾನಿ ವಾದಿಸಿದ್ದರು. ಅದು ಊಹೆಯೇ, ಆದರೆ ನನಗೆ ಇಷ್ಟವಾದ ಊಹೆ.

ಎರಡು ವರ್ಷದೊಳಗಿನ ಮಕ್ಕಳಿಗೆ ಈ ತೊಂದರೆ ತೀರಾ ಕಡಿಮೆ. ಆಮೇಲೆ ಶುರುವಾಗಿ ಒಂಬತ್ತು ಹತ್ತರ ಹೊತ್ತಿಗೆ ಜಾಸ್ತಿಯಾಗುತ್ತದೆ. ದೊಡ್ಡವರಾಗುತ್ತಾ ಹೆಚ್ಚಿನವರಿಗೆ ಇಳಿಯುತ್ತದೆ. ನನಗೆ ಇಳಿಯಲಿಲ್ಲ. ನಾನೇ ಕಾರು ಬಿಟ್ಟರೆ ಏನೂ ಆಗುವುದಿಲ್ಲ, ಹೆಂಡತಿ ಬಿಟ್ಟರೆ ನಾಲ್ಕನೇ ತಿರುವಿಗೆ ಬಾಯಲ್ಲಿ ನೀರು ಬರುತ್ತದೆ. ಅವಳ ಡ್ರೈವಿಂಗ್ ನನ್ನದಕ್ಕಿಂತ ಒಳ್ಳೆಯದು, ಅದು ಬೇರೆ ಮಾತು. ಸ್ಟಿಯರಿಂಗ್ ಹಿಡಿದವರಿಗೆ ತಿರುವು ಬರುವ ಮೊದಲೇ ಗೊತ್ತು, ಮೆದುಳು ತಯಾರಾಗಿರುತ್ತದೆ. ಪಕ್ಕದಲ್ಲಿ ಕೂತವರಿಗೆ ಅದು ಸುಮ್ನೆ ಬಂದು ಬಡಿಯುತ್ತದೆ.

ಇನ್ನೊಂದು ವಿಷಯ ಹೇಳಿದರೆ ಜನ ನಂಬುವುದೇ ಇಲ್ಲ. ಗುಂಡಿ ರಸ್ತೆ ವಾಂತಿ ತರಿಸುವುದಿಲ್ಲ. ಗಡಗಡ ಕುಲುಕಾಟಕ್ಕೆ ಸೊಂಟ ನೋಯುತ್ತದೆ, ಅಷ್ಟೇ. ಹೊಟ್ಟೆ ತೊಳಸುವುದು ನಿಧಾನದ ಓಲಾಟ, ಹೆಚ್ಚು ಕಡಿಮೆ ಐದು ಸೆಕೆಂಡಿಗೊಮ್ಮೆ ಆಚೆ ಈಚೆ ವಾಲುವಂಥದ್ದು. ನಾವು ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿನಲ್ಲಿ ಹೆದ್ದಾರಿ ಸೇರಿ, ಸುಳ್ಯ ಕಳೆದು ಸಂಪಾಜೆಗೆ ಬಂದರೆ ಅಲ್ಲಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರಿನಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಏರಬೇಕು. ರಸ್ತೆ ನುಣ್ಣಗಿದ್ದರೆ ಡ್ರೈವರಿಗೆ ಖುಷಿ, ಒಂದೇ ಲಹರಿಯಲ್ಲಿ ತಿರುಗಿಸುತ್ತಾ ಹೋಗುತ್ತಾನೆ. ಹಿಂದೆ ಕೂತವರ ಕಥೆ ಮುಗಿಯಿತು. ಹಾಗಾಗಿ ನನ್ನ ಮೊದಲ ಔಷಧಿ ಡ್ರೈವರಿಗೆ: ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಒತ್ತಬೇಡಿ, ಎದುರಿನ ಲಾರಿಯನ್ನು ಹಿಂದಿಕ್ಕಲು ಪದೇ ಪದೇ ನುಗ್ಗಿ ಹಿಂಜರಿಯಬೇಡಿ.

ಎರಡನೆಯದು ತಿಂಡಿ. ನಮ್ಮವರ ಕ್ರಮ ನೋಡಿ. ಬೆಳಿಗ್ಗೆ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ಹೊರಡುವುದು, ಸುಳ್ಯದಲ್ಲಿ ಇಳಿದು ಮಸಾಲೆ ದೋಸೆ, ಬನ್ಸು, ಕಾಫಿ ಹೊಡೆಯುವುದು, ಅರ್ಧ ಗಂಟೆಯೊಳಗೆ ಘಾಟಿ ಹತ್ತುವುದು. ಇದಕ್ಕಿಂತ ಕೆಟ್ಟ ಲೆಕ್ಕಾಚಾರ ಇಲ್ಲ! ಖಾಲಿ ಹೊಟ್ಟೆಯೂ ಬೇಡ, ತುಂಬಿದ್ದೂ ಬೇಡ. ಮನೆಯಲ್ಲೇ ಎರಡು ನೀರುದೋಸೆ ಬೆಲ್ಲ ಕಾಯಿಯ ಜೊತೆ ತಿಂದು ಹೊರಡಿ. ಮಸಾಲೆ ದೋಸೆ ಮಡಿಕೇರಿಯಲ್ಲೂ ಸಿಗುತ್ತದೆ ಅಲ್ವಾ?

ಸಿರಪ್ ವಿಷಯ. ಭೇದಿ ವಾಂತಿಯಾದಾಗ ಮಕ್ಕಳಿಗೆ ಕೊಡುವ ಒಂಡಾನ್ಸೆಟ್ರಾನ್ ಎಲ್ಲರ ಮನೆಯ ಫ್ರಿಜ್ಜಿನ ಬಾಗಿಲಲ್ಲೂ ಇರುತ್ತದೆ. ಅದು ಹೊಟ್ಟೆಯ ಗಲಾಟೆಗೆ ಒಳ್ಳೆಯ ಮದ್ದು, ಕಿವಿಯ ಗಲಾಟೆಗೆ ಅಷ್ಟೇನೂ ಉಪಯೋಗವಿಲ್ಲ. ಇಲ್ಲಿ ಬೇಕಾದದ್ದು ಪ್ರೊಮೆಥಜೀನ್ ಥರದ್ದು. ಅದನ್ನು ಹೊರಡುವ ಒಂದೆರಡು ಗಂಟೆ ಮೊದಲೇ ಕೊಡಬೇಕು. ಬಾಯಲ್ಲಿ ನೀರು ಬಂದ ಮೇಲೆ ನುಂಗಿಸಿದ ಮಾತ್ರೆ ಮಾತ್ರೆಯಾಗಿಯೇ ಹೊರಗೆ ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಕೂಡದು, ಉಳಿದ ಮಕ್ಕಳಿಗೆ ಎಷ್ಟು ಎಂದು ಡಾಕ್ಟರ ಹತ್ತಿರ ಕೇಳಿಯೇ ಕೊಡಿ. ನಿದ್ದೆ ಬರಿಸುತ್ತದೆ, ಆದ್ದರಿಂದ ಕಾರು ಬಿಡುವವರು ಮುಟ್ಟಲೇಬಾರದು. ಅಜ್ಜಿಯ ಶುಂಠಿ ತುಂಡು ಕೆಲವರಿಗೆ ಹಿಡಿಸುತ್ತದೆ, ಕೊಡಿ. ಪೇಪರಿನ ಮೇಲೆ ಕೂರಿಸುವವರೂ ಇದ್ದಾರೆ. ಪೇಪರಿಗೆ ಅಂಥ ಶಕ್ತಿಯೇನೂ ಇಲ್ಲ. ಓದದೆ ಬರೀ ಕೂತರೆ ಅಷ್ಟೇ ಲಾಭ.

ದೊಡ್ಡವರಾದರೆ ಮುಂದಿನ ಸೀಟು ಒಳ್ಳೆಯದು. ಆದರೆ ಮಗುವನ್ನು ಮಡಿಲಲ್ಲಿಟ್ಟು ಮುಂದೆ ಕೂರಬೇಡಿ, ಗಾಳಿ ಚೀಲ ಬಿಚ್ಚಿಕೊಂಡರೆ ವಾಂತಿಯಷ್ಟಕ್ಕೆ ನಿಲ್ಲುವುದಿಲ್ಲ. ಮಕ್ಕಳು ಹಿಂದೆಯೇ ಇರಲಿ, ಬೆಲ್ಟಿನಲ್ಲಿ. 14 ವರ್ಷದೊಳಗಿನವರಿಗೆ ಬೆಲ್ಟೋ ಮಕ್ಕಳ ಸೀಟೋ ಕಾನೂನೂ ಹೌದು. ಕುಳ್ಳಗಿದ್ದರೆ ಎತ್ತರಿಸುವ ಸೀಟು ಹಾಕಿ, ಎದುರಿನ ರಸ್ತೆ ಕಾಣುತ್ತದೆ. ಕಣ್ಣು ದೂರದ ಗುಡ್ಡದ ಮೇಲಿದ್ದರೆ ಕಿವಿಯ ಜೊತೆ ಜಗಳವಿಲ್ಲ. ಅದಾಗದಿದ್ದರೆ ತಲೆ ಸೀಟಿಗೆ ಆನಿಸಿ ಕಣ್ಣು ಮುಚ್ಚಿಕೊಳ್ಳಲಿ. ಕನ್ನಡಿಗೆ ನೇತುಹಾಕಿದ ಆ ಮಲ್ಲಿಗೆ ಸೆಂಟಿನ ಬಾಟಲಿಯನ್ನು ದಯವಿಟ್ಟು ಡಿಕ್ಕಿಗೆ ಹಾಕಿ.

ಮಾತಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಯಿತೇ, ಆಕಳಿಸಿತೇ, ಉಗುಳು ನುಂಗುತ್ತಿದೆಯೇ, ಹಣೆ ತಣ್ಣಗೆ ಬೆವರಿದೆಯೇ? ಆಗಲೇ ನಿಲ್ಲಿಸುವ ಜಾಗ ಹುಡುಕಿ. ‘ಇನ್ನೇನು ಮಡಿಕೇರಿ ಬಂತು’ ಎನ್ನಬೇಡಿ, ಬಂದಿರುವುದಿಲ್ಲ.

ರಾತ್ರಿ ಹೊರಟರೆ ಮಕ್ಕಳು ಮಲಗುತ್ತಾರೆ ಎಂದು ಕೆಲವರು ನಡುರಾತ್ರಿ ಗಾಡಿ ತೆಗೆಯುತ್ತಾರೆ. ಮಕ್ಕಳೇನೋ ಮಲಗುತ್ತಾರೆ. ಇಡೀ ದಿನ ದುಡಿದ ಅಪ್ಪನ ಮೆದುಳೂ ಎರಡರಿಂದ ಐದರೊಳಗೆ ಮಲಗಲು ನೋಡುತ್ತದೆ. ಕಣ್ಣು ಎಳೆದರೆ ಕಿಟಕಿ ಇಳಿಸಿ ಹಾಡು ಹಾಕಿ ಪ್ರಯೋಜನವಿಲ್ಲ. ಬದಿಗೆ ನಿಲ್ಲಿಸಿ, ಕಾಫಿ ಕುಡಿದು, ಕೂಡಲೇ 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕಾಫಿಯೂ ತಲೆಗೆ ಏರಿರುತ್ತದೆ.

ಮದುವೆ ಮುಗಿಸಿ ಬಂದ ವಾರ ಆ ಹುಡುಗಿ ಕ್ಲಿನಿಕ್ಕಿಗೆ ನಗುತ್ತಾ ಬಂದಳು. ಹೋಗುವಾಗ ಇಲ್ಲ, ಬರುವಾಗಲೂ ಇಲ್ಲವಂತೆ. ಅಮ್ಮ ಮಾತ್ರ ಘಾಟಿ ಇಳಿಯುತ್ತಾ ಫೋನಿನಲ್ಲಿ ಮದುವೆಯ ಫೋಟೋ ನೋಡುತ್ತಿದ್ದರಂತೆ. “ಜೋಡುಪಾಲದ ಹತ್ತಿರ ಅಮ್ಮನೇ ಕಾರಿದ್ದು ಡಾಕ್ಟ್ರೇ” ಎಂದಳು.