ಲೈಬ್ರರಿಯಿಂದ ಕಾದಂಬರಿ ಬಿಟ್ಟು ಬೇರೇನು ತರಲಿ?

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ಲೈಬ್ರರಿಯಿಂದ ಕಾದಂಬರಿಗಳನ್ನೇ ತಂದು ಓದುತ್ತಿದ್ದೇನೆ. ಆತ್ಮಕಥೆ, ವಿಜ್ಞಾನ ಎಂದರೆ ಹತ್ತು ಪುಟಕ್ಕೇ ನಿದ್ದೆ ಎಳೆಯುತ್ತದೆ. ಕೆಳಗಿಡಲು ಮನಸ್ಸಾಗದಂಥ ಕಥೇತರ ಪುಸ್ತಕಗಳು ಕನ್ನಡದಲ್ಲಿ ಇವೆಯೇ?

ಉತ್ತರ: ಧಾರಾಳವಾಗಿ ಇವೆ. ಆದರೆ ಅವು ಇರಬೇಕಾದ ಕಪಾಟಿನಲ್ಲಿ ಇರುವುದಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನನಗೆ ಮೊದಲು ಸಿಕ್ಕಿದ್ದು ಒಂದು ಶಾಖಾ ಗ್ರಂಥಾಲಯದಲ್ಲಿ, ಪದವಿ ತರಗತಿಯ ಸಸ್ಯಶಾಸ್ತ್ರದ ಪಠ್ಯಗಳ ನಡುವೆ. ಹಿಂಬದಿಗೆ ಅಂಟಿಸಿದ್ದ ವಾಯಿದೆ ಚೀಟಿಯಲ್ಲಿ ಮೂರೇ ಮೂರು ಮುದ್ರೆಗಳಿದ್ದವು. ಎದುರಿನ ಸಾಲಿನ ಕಾದಂಬರಿಗಳಲ್ಲೋ, ಚೀಟಿ ತುಂಬಿ ಅದರ ಮೇಲೊಂದು, ಅದೂ ತುಂಬಿ ಮತ್ತೊಂದು ಅಂಟಿಸಿದ್ದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ ಮೂರು ಜನರ ಮನೆಗೆ ಮಾತ್ರ ಹೋಗಿ ಬಂದಿತ್ತು! ಅಂದಿನಿಂದ ಯಾರು ಈ ಪ್ರಶ್ನೆ ಕೇಳಿದರೂ ನಾನು ಮೊದಲು ಹೇಳುವ ಹೆಸರು ಇದೇ.

ಸ್ವಾಮಿಯವರು ಡಿ.ವಿ.ಜಿ.ಯವರ ಮಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ ಇದ್ದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡುಗಳಲ್ಲಿ ಗಿಡಮರ ಹುಡುಕುತ್ತ ಅಲೆದ ಕಥೆಯೇ ‘ಹಸುರು ಹೊನ್ನು’. ಹುಡುಗರ ಪೇಚಾಟ, ಮೇಷ್ಟರ ತುಂಟತನ ಓದುತ್ತ ನಗುತ್ತಿರುವಾಗಲೇ ಒಂದು ಮರದ ಕುಲಗೋತ್ರವೆಲ್ಲ ತಿಳಿದುಬಿಟ್ಟಿರುತ್ತದೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಎಲೆಯ ನರ, ಹೂವಿನ ಎಸಳು ತೋರಿಸುವ ಆ ಗೆರೆಗಳನ್ನು ನೋಡುತ್ತ ಕುಳಿತರೆ ಒಂದು ಸಂಜೆ ಕಳೆಯುತ್ತದೆ.

ಅದು ಸಿಗದಿದ್ದರೆ ಅವರದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ತನ್ನಿ. ಮೆಣಸಿನಕಾಯಿ, ಆಲೂಗೆಡ್ಡೆ, ಕಡಲೆಕಾಯಿ ಎಲ್ಲವೂ ಸಮುದ್ರ ದಾಟಿ ಬಂದು ನಮ್ಮ ಅಡುಗೆಮನೆ ಸೇರಿದವು ಎಂಬುದು ಅದರ ವಸ್ತು. ಓದಿ ಮುಗಿಸಿದ ಮೇಲೆ ದಿನನಿತ್ಯದ ಮಾತೇ ಬೇರೆಯಾಗಿ ಕೇಳಿಸತೊಡಗಿತು ನನಗೆ. ಕನ್ನಡಕ್ಕೆ ಖಾರವೆಂದರೆ ಮೊದಲು ಮೆಣಸು. ಹೊರಗಿನಿಂದ ಬಂದ ಕಾಯಿ ಅದರ ಹೆಸರನ್ನೇ ತೊಟ್ಟು ‘ಮೆಣಸಿನಕಾಯಿ’ ಆಯಿತು. ಮೂಲದ ಮೆಣಸು ತನ್ನ ಗುರುತಿಗೆ ‘ಕಾಳು’, ‘ಕರಿ’, ‘ಒಳ್ಳೆ’ ಎಂಬ ವಿಶೇಷಣ ಅಂಟಿಸಿಕೊಳ್ಳಬೇಕಾಯಿತು. ಹಣ್ಣಿನಂಗಡಿಯ ಪರಂಗಿ ಹಣ್ಣನ್ನೇ ನೋಡಿ: ಪರಂಗಿಯವರು ತಂದದ್ದೆಂದು ಹೆಸರೇ ಸಾರುತ್ತಿದೆ, ನಾವು ಕೇಳಿಸಿಕೊಂಡಿರಲಿಲ್ಲ ಅಷ್ಟೆ.

ಆತ್ಮಕಥೆ ಎಂದರೆ ನಿದ್ದೆ ಬರುತ್ತದೆ ಎಂದಿದ್ದೀರಿ. ಸನ್ಮಾನ, ಭಾಷಣಗಳ ಪಟ್ಟಿಯಂತಿರುವ ಆತ್ಮಕಥೆಗಳನ್ನು ಓದಿ ಬೇಸತ್ತಿದ್ದರೆ ತಪ್ಪು ನಿಮ್ಮದಲ್ಲ. ಸಿದ್ಧಲಿಂಗಯ್ಯನವರ ‘ಊರುಕೇರಿ’ ತೆರೆದು ನೋಡಿ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಹಿಂದೊಬ್ಬ ನೇಗಿಲು ಹಿಡಿದಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ನೋಡುತ್ತಿರುವ ಹುಡುಗನ ತಂದೆ. ಇದನ್ನು ಅವರು ದನಿ ಏರಿಸದೆ ಹೇಳುತ್ತಾರೆ. ಮುಂದೆ ಅದೇ ಪುಸ್ತಕದಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾರೆ ಕೂಡ. ಆ ನಗುವಿನ ಹಿಂದೆ ಏನಿದೆ ಎಂಬುದು ಪುಸ್ತಕ ಮುಚ್ಚಿದ ಮೇಲೆ ನಿಧಾನವಾಗಿ ಕಾಡುತ್ತದೆ. ಚಿಕ್ಕ ಪುಸ್ತಕ, ಒಂದು ರಾತ್ರಿ ಸಾಕು.

ರೋಚಕತೆ ಬೇಕೇ ಬೇಕು ಎಂದರೆ ಕೃಪಾಕರ–ಸೇನಾನಿ ಅವರ ‘ಸೆರೆಯಾದಾಗ’. ಈ ವನ್ಯಜೀವಿ ಛಾಯಾಗ್ರಾಹಕರನ್ನು 1997ರಲ್ಲಿ ವೀರಪ್ಪನ್ ಅಪಹರಿಸಿ ಹದಿನಾಲ್ಕು ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದ. ಬಂದೂಕಿನ ನೆರಳಿನಲ್ಲೂ ಇವರ ಕಣ್ಣು ಕಾಡನ್ನು ಬಿಟ್ಟು ಹೋಗುವುದಿಲ್ಲ. ಪತ್ತೇದಾರಿ ಕಾದಂಬರಿ ಓದುವವರಿಗೆ ಇದನ್ನು ಕೊಟ್ಟು ನಾನು ಒಮ್ಮೆಯೂ ಸೋತಿಲ್ಲ. ತೇಜಸ್ವಿಯವರ ‘ಪರಿಸರದ ಕತೆ’ಯನ್ನು ನೀವು ಈಗಾಗಲೇ ಓದಿರಬಹುದು. ಓದಿಲ್ಲದಿದ್ದರೆ ಅದೂ ಇರಲಿ.

ಹೆಸರು ಗೊತ್ತಿಲ್ಲದ ಪುಸ್ತಕ ಕೈಗೆ ಬಂದಾಗ ನಾನು ಮುನ್ನುಡಿ ಓದುವುದಿಲ್ಲ. ನಡುವೆ ಎಲ್ಲಾದರೂ ತೆರೆದು, ಕಪಾಟಿನ ಪಕ್ಕ ನಿಂತೇ ಎರಡು ಪುಟ ಓದುತ್ತೇನೆ. ಆ ಎರಡು ಪುಟಗಳಲ್ಲಿ ಬರೆದವರು ಏನು ತಿಂದರು, ಬಸ್ಸಿಗೆ ಎಷ್ಟು ಕೊಟ್ಟರು, ಎಲ್ಲಿ ಮಳೆಗೆ ಸಿಕ್ಕಿಕೊಂಡರು ಎಂಬಂಥ ಸಂಗತಿ ಒಂದಾದರೂ ಇದ್ದರೆ ಪುಸ್ತಕ ನನ್ನ ಚೀಲಕ್ಕೆ ಬೀಳುತ್ತದೆ. ಹೋಗಿ ನೋಡಿದವರ ಬರವಣಿಗೆಗೂ ಕೇಳಿ ಬರೆದವರ ಬರವಣಿಗೆಗೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ಇಷ್ಟವಾಗದಿದ್ದರೆ ಮುಂದಿನ ವಾರ ಹಿಂದಿರುಗಿಸಿದರಾಯಿತು. ಲೈಬ್ರರಿಯ ದೊಡ್ಡ ಉಪಕಾರವೇ ಇದು. ಕೊಂಡ ಪುಸ್ತಕವಾದರೆ ದುಡ್ಡಿನ ಮುಲಾಜಿಗಾದರೂ ಮುಗಿಸಬೇಕು ಎನ್ನಿಸುತ್ತದೆ.

ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ಎಂಟು ಸಂಪುಟ ಎಂದು ಕೇಳಿಯೇ ಜನ ಹೆದರುತ್ತಾರೆ, ಇಲ್ಲವೇ ಮೊದಲ ಸಂಪುಟ ಸಿಗಲಿಲ್ಲವೆಂದು ಸುಮ್ಮನಾಗುತ್ತಾರೆ. ಅದು ಧಾರಾವಾಹಿಯಲ್ಲ. ಅವರು ಕಂಡ ದಿವಾನರು, ವಿದ್ವಾಂಸರು, ಸಂಗೀತಗಾರರು, ಯಾರೂ ನೆನಪಿಡದ ಸಾಮಾನ್ಯರು, ಹೀಗೆ ಒಬ್ಬೊಬ್ಬರದೂ ಬಿಡಿ ಚಿತ್ರ. ಕೆಲವು ಕೆಲವೇ ಪುಟಗಳಲ್ಲಿ ಮುಗಿಯುತ್ತವೆ. ಊಟವಾದ ಮೇಲೆ ಒಂದು, ಮಲಗುವ ಮುನ್ನ ಒಂದು ಓದಬಹುದು. ಕಪಾಟಿನಲ್ಲಿ ಯಾವ ಸಂಪುಟ ಇದೆಯೋ ಅದನ್ನೇ ತನ್ನಿ, ಯಾವ ಪುಟದಿಂದ ಬೇಕಾದರೂ ಶುರು ಮಾಡಿ.