ಎಮ್ಷರ್ ಹೊಳೆಯ ಖರ್ಚು ಯಾರ ಲೆಕ್ಕಕ್ಕೆ?

1899ರ ಡಿಸೆಂಬರ್ 14. ಜರ್ಮನಿಯ ಬೊಖುಮ್ ಪಟ್ಟಣದಲ್ಲಿ ಸುತ್ತಮುತ್ತಲಿನ ಊರುಗಳ ಆಡಳಿತದವರು, ಕಲ್ಲಿದ್ದಲು ಗಣಿಯವರು, ಕಾರ್ಖಾನೆಯವರು ಒಟ್ಟಿಗೆ ಕೂತರು. ಮಾತಾಡಬೇಕಿದ್ದದ್ದು ಕೊಚ್ಚೆ ನೀರಿನ ಬಗ್ಗೆ. ಅಲ್ಲಿಯವರೆಗೆ ಎಲ್ಲರೂ ಮಾಡುತ್ತಿದ್ದದ್ದು ಒಂದೇ. ನಮ್ಮೂರ ಕೊಚ್ಚೆ ನಮ್ಮ ಗಡಿ ದಾಟಿದರೆ ಸಾಕು, ಮುಂದಿನದು ಕೆಳಗಿನ ಊರವರ ಪಾಡು. ಆದರೆ ಪ್ರತಿ ಊರಿಗೂ ಮೇಲೊಂದು ಊರು ಇರುತ್ತದಲ್ಲ? ಡಾರ್ಟ್‌ಮುಂಡ್ ಬಿಟ್ಟದ್ದು ಹೆರ್ನೆಗೆ ಬರುತ್ತಿತ್ತು, ಹೆರ್ನೆ ಬಿಟ್ಟದ್ದು ಗೆಲ್ಸನ್‌ಕಿರ್ಶೆನ್‌ಗೆ, ಅಲ್ಲಿಂದ ಎಸ್ಸೆನ್‌ಗೆ. ಒಬ್ಬೊಬ್ಬರೇ ಏನು ಮಾಡಿದರೂ ಪ್ರಯೋಜನವಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಎಮ್ಷರ್ ಸಹಕಾರ ಸಂಘ ಹುಟ್ಟಿತು. ಅದು ಇವತ್ತಿಗೂ ಇದೆ.

ಎಮ್ಷರ್ ದೊಡ್ಡ ನದಿಯೇನಲ್ಲ. ಡಾರ್ಟ್‌ಮುಂಡ್ ಪಕ್ಕದ ಹೋಲ್ಟ್ಸ್‌ವಿಕೆಡೆಯಲ್ಲಿ ಹುಟ್ಟಿ, ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ಹರಿದು ರೈನ್ ನದಿ ಸೇರುತ್ತದೆ, ಅಷ್ಟೇ. ನೆಲ ಸಪಾಟು, ಇಳಿಜಾರು ತೀರಾ ಕಮ್ಮಿ. ಹಾಗಾಗಿ ಹೊಳೆ ಅಂಕುಡೊಂಕಾಗಿ ನಿಧಾನಕ್ಕೆ ಹರಿಯುತ್ತಿತ್ತು, ಮಳೆ ಜಾಸ್ತಿಯಾದರೆ ದಂಡೆ ಮೀರುತ್ತಿತ್ತು. 19ನೇ ಶತಮಾನದ ನಡುಭಾಗದಿಂದ ಇಲ್ಲಿ ಗಣಿಗಳು, ಉಕ್ಕಿನ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. ಹಳ್ಳಿಗಳು ಕೆಲವೇ ದಶಕಗಳಲ್ಲಿ ಪಟ್ಟಣಗಳಾದವು. ಕಕ್ಕಸಿನ ನೀರು, ಕಾರ್ಖಾನೆಯ ನೀರು, ಗಣಿಯಿಂದ ಪಂಪ್ ಮಾಡಿ ಹೊರಹಾಕಿದ ನೀರು, ಎಲ್ಲಕ್ಕೂ ಇದೊಂದೇ ದಾರಿ. ಬೆಂಗಳೂರಿನ ವೃಷಭಾವತಿಯ ಸೇತುವೆ ದಾಟುವಾಗ ಮೂಗು ಮುಚ್ಚಿಕೊಂಡವರಿಗೆ ಆ ವಾಸನೆಯನ್ನು ಬೇರೆ ವರ್ಣಿಸಬೇಕಿಲ್ಲ.

1901ರಲ್ಲಿ ಗೆಲ್ಸನ್‌ಕಿರ್ಶೆನ್ ಸುತ್ತ ಟೈಫಾಯ್ಡ್ ಹಬ್ಬಿತು. ಮೂರು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ನೂರಾರು ಜನ ಸತ್ತರು. ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಖ್ ಅವರೇ ಬಂದು ತನಿಖೆ ಮಾಡಿದರು. ಪಕ್ಕದ ರೂರ್ ನದಿಯ ನೀರನ್ನು ಸೋಸದೆ ಕುಡಿಯುವ ನೀರಿನ ಕೊಳವೆಗೆ ಬೆರೆಸುತ್ತಿದ್ದದ್ದು ಬಯಲಾಯಿತು. ಈ ಭಾಗ ಮುಂದೆ ಹಿಡಿದ ದಾರಿಯ ಹಿಂದೆ ಇಂಥ ಭಯವೇ ಇತ್ತು. ದಕ್ಷಿಣದ ರೂರ್ ನದಿ ಕುಡಿಯುವುದಕ್ಕೆ, ಉತ್ತರದ ಎಮ್ಷರ್ ಕೊಚ್ಚೆಗೆ.

ಸರಿ, ಕೊಚ್ಚೆಗೆ ನೆಲದಡಿ ಪೈಪ್ ಹಾಕಿದ್ದರೆ ಆಗುತ್ತಿತ್ತಲ್ಲ ಅನ್ನಬಹುದು. ಆಗ ಯೂರೋಪಿನ ದೊಡ್ಡ ಪಟ್ಟಣಗಳೆಲ್ಲ ಅದನ್ನೇ ಮಾಡುತ್ತಿದ್ದವು. ಇಲ್ಲಿ ಅದಕ್ಕೆ ಅಡ್ಡ ಬಂದದ್ದು ಗಣಿ.

ನೂರಾರು ಮೀಟರ್ ಆಳದಲ್ಲಿ ಕಲ್ಲಿದ್ದಲಿನ ಪದರ ತೆಗೆದಾಗ ಅದರ ಮೇಲಿನ ಬಂಡೆ ಕೆಳಕ್ಕೆ ಕೂರುತ್ತದೆ. ಆ ಕುಸಿತ ಪದರ ಪದರವಾಗಿ ಮೇಲಕ್ಕೆ ಬಂದು, ಕೊನೆಗೆ ಊರಿನ ನೆಲವೇ ಒಂದು ದೊಡ್ಡ ಬಾಣಲೆಯ ಆಕಾರಕ್ಕೆ ತಗ್ಗುತ್ತದೆ. ಬಾಣಲೆಯ ಅಂಚಿನಲ್ಲಿ ನೆಲ ಹಿಗ್ಗುತ್ತದೆ, ನಡುವೆ ಕುಗ್ಗುತ್ತದೆ. ಅಂಚಿನಲ್ಲಿ ಪೈಪಿನ ಜೋಡಣೆಗಳು ಬಿಟ್ಟುಕೊಳ್ಳುತ್ತವೆ, ನಡುವೆ ಒಂದಕ್ಕೊಂದು ಒತ್ತಿ ಒಡೆಯುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಇಳಿಜಾರಿನದು. ಒಳಚರಂಡಿ ನಡೆಯುವುದೇ ಇಳಿಜಾರಿನ ಮೇಲೆ. ನಿನ್ನೆ ಪಶ್ಚಿಮಕ್ಕೆ ಇಳಿಯುತ್ತಿದ್ದ ಪೈಪ್ ನಾಳೆ ಪೂರ್ವಕ್ಕೆ ಇಳಿದರೆ ಕೊಚ್ಚೆ ವಾಪಸ್ ಮನೆಗೇ ಬರುತ್ತದೆ. ಈ ಪ್ರದೇಶದ ಕೆಲವು ಕಡೆ ನೆಲ 20 ಮೀಟರಿಗಿಂತ ಹೆಚ್ಚು ಕುಸಿದಿದೆ. ಆರು ಅಂತಸ್ತಿನ ಕಟ್ಟಡದಷ್ಟು!

ಹೀಗಾಗಿ ಸಂಘದ ಇಂಜಿನಿಯರುಗಳು ಹೊಳೆಯನ್ನೇ ಚರಂಡಿ ಮಾಡಿದರು. ಅಂಕುಡೊಂಕನ್ನೆಲ್ಲ ನೆಟ್ಟಗೆ ಮಾಡಿ, ತಳಕ್ಕೆ ಕಾಂಕ್ರೀಟ್ ಹಾಸಿ, ಎರಡೂ ಬದಿಗೆ ಏರಿ ಕಟ್ಟಿದರು. ಬಯಲಲ್ಲೇ ಇರುವ ಚರಂಡಿಯಾದರೆ ಒಡೆದದ್ದು ಕಣ್ಣಿಗೆ ಕಾಣುತ್ತದೆ, ನೆಲ ತಗ್ಗಿದಂತೆ ಏರಿ ಎತ್ತರಿಸಿದರೆ ಆಯಿತು. ಎತ್ತರಿಸುತ್ತಾ ಹೋಗಿ, ಕೆಲವೆಡೆ ಹೊಳೆ ಪಕ್ಕದ ಬೀದಿಗಿಂತ ಮೇಲೆ ಹರಿಯತೊಡಗಿತು. ಕೊನೆಯ ಭಾಗ ಕುಸಿದು ನೀರು ರೈನ್‌ಗೆ ಇಳಿಯುವುದೇ ಕಷ್ಟವಾದಾಗ ಹೊಳೆ ನದಿ ಸೇರುವ ಜಾಗವನ್ನೇ ಎರಡು ಸಲ ಉತ್ತರಕ್ಕೆ ಸರಿಸಿದರು, 1910ರಲ್ಲಿ ಒಮ್ಮೆ, 1949ರಲ್ಲಿ ಇನ್ನೊಮ್ಮೆ. ಬಿದ್ದವರು ಜಾರುವ ಕಾಂಕ್ರೀಟಿನಲ್ಲಿ ಹತ್ತಿ ಬರುವುದು ಕಷ್ಟ ಅಂತ ಉದ್ದಕ್ಕೂ ಬೇಲಿ, ಎಚ್ಚರಿಕೆಯ ಬೋರ್ಡು.

ಊರುಗಳು ಒಟ್ಟಾಗಿ ಪರಿಸರ ಉಳಿಸಿದ ಉದಾಹರಣೆ ಅಂತ ಎಮ್ಷರ್ ಕಥೆಯನ್ನು ಹೇಳುವಾಗ ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇದೇ. ಹೊಳೆಯನ್ನು ಕೊಂದದ್ದೂ ಅದೇ ಒಗ್ಗಟ್ಟು, ಬಹಳ ಶಿಸ್ತಿನಿಂದ. ಕಾಯಿಲೆ ಮತ್ತು ನೆರೆ ತಡೆಯುವುದು ಆಗಿನ ಗುರಿ. ಆ ಗುರಿಯ ಮಟ್ಟಿಗೆ ಅವರು ಗೆದ್ದರು ಕೂಡ.

ಆ ಶಿಸ್ತು ಸುಮ್ನೆ ಬಂದದ್ದಲ್ಲ. 1904ರಲ್ಲಿ ಪ್ರಷ್ಯಾ ಸರ್ಕಾರ ಈ ಸಂಘಕ್ಕಾಗಿಯೇ ಒಂದು ಕಾನೂನು ಮಾಡಿತು. ಹೊಳೆಯ ಬಯಲಲ್ಲಿರುವ ಊರು, ಗಣಿ, ದೊಡ್ಡ ಕಾರ್ಖಾನೆ ಎಲ್ಲರೂ ಸದಸ್ಯರು. ನನಗೆ ಬೇಡ ಅಂತ ಎದ್ದು ಹೋಗುವ ಹಾಗಿಲ್ಲ. ಯಾರು ಎಷ್ಟು ಕೆಡಿಸುತ್ತಾರೆ, ಕೆಲಸದಿಂದ ಯಾರಿಗೆ ಎಷ್ಟು ಲಾಭ, ಈ ಎರಡನ್ನೂ ನೋಡಿ ವರ್ಷದ ವಂತಿಗೆ ಗೊತ್ತುಮಾಡುತ್ತಾರೆ. ನೆಲ ಕುಸಿಯುವಂತೆ ಮಾಡಿದ ಗಣಿ ಅದಕ್ಕೆ ಕಟ್ಟಬೇಕು. ನೆರೆಯಿಂದ ಪಾರಾದ ಕೆಳಗಿನ ಊರೂ ಕಟ್ಟಬೇಕು. ಸಭೆಯಲ್ಲಿ ಮತದ ತೂಕ ಕಟ್ಟುವ ದುಡ್ಡಿಗೆ ತಕ್ಕಂತೆ. ಈ ಕೊನೆಯ ಮಾತು ನನಗೆ ಅಷ್ಟು ಒಪ್ಪಿಗೆಯಿಲ್ಲ. ದುಡ್ಡಿರುವ ಗಣಿಯ ದನಿ ಜೋರಾಗಿರುವ ಸಭೆ ಹೊಳೆಯನ್ನು ಅಷ್ಟು ವರ್ಷ ಚರಂಡಿಯಾಗಿಯೇ ಇಟ್ಟುಕೊಂಡದ್ದರಲ್ಲಿ ಆಶ್ಚರ್ಯವೇನಿದೆ? ಆದರೂ ಖರ್ಚು ಹಂಚುವ ನಿಯಮ ಮೊದಲೇ ಇದ್ದದ್ದು ಮುಂದೆ ಬಹಳ ಕೆಲಸಕ್ಕೆ ಬಂತು.

ಈ ಸಂಘದಿಂದ ನಮ್ಮಲ್ಲಿಗೂ ಒಂದು ವಸ್ತು ಬಂದಿದೆ. ಸಿವಿಲ್ ಇಂಜಿನಿಯರಿಂಗ್ ಓದಿದವರು ಪರೀಕ್ಷೆಗೆ ಇಮ್‌ಹಾಫ್ ಟ್ಯಾಂಕಿನ ಚಿತ್ರ ಬರೆದಿರುತ್ತೀರಿ. ಕಾರ್ಲ್ ಇಮ್‌ಹಾಫ್ ಇದೇ ಸಂಘದ ಇಂಜಿನಿಯರ್. 1906ರ ಸುಮಾರಿಗೆ ಅವರು ಮಾಡಿದ್ದು ಎರಡು ಅಂತಸ್ತಿನ ತೊಟ್ಟಿ. ಮೇಲಿನ ಅಂತಸ್ತಿನಲ್ಲಿ ಕೊಚ್ಚೆ ನಿಧಾನಕ್ಕೆ ಹಾದುಹೋಗುತ್ತದೆ. ಭಾರದ ಗಷ್ಟು ಓರೆಯಾದ ತಳದ ಮೇಲೆ ಜಾರಿ, ಒಂದು ಸಂದಿಯಿಂದ ಕೆಳ ಅಂತಸ್ತಿಗೆ ಬೀಳುತ್ತದೆ. ಅಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮೀಥೇನ್ ಬಿಡುತ್ತವೆ. ಸಂದಿಯ ಒಂದು ಅಂಚನ್ನು ಇನ್ನೊಂದರ ಅಡಿಗೆ ಚಾಚಿರುತ್ತಾರೆ, ಹಾಗಾಗಿ ಗುಳ್ಳೆಗಳು ಮೇಲಿನ ಅಂತಸ್ತಿಗೆ ನುಗ್ಗಿ ನೀರು ಕದಡುವುದಿಲ್ಲ, ಪಕ್ಕದ ಕಿಂಡಿಯಿಂದ ಹೊರಗೆ ಹೋಗುತ್ತವೆ. ಮೋಟಾರಿಲ್ಲ, ಕರೆಂಟಿಲ್ಲ. ನೀರು ಪೂರ್ತಿ ಶುದ್ಧವಾಗುವುದಿಲ್ಲ, ಆದರೆ ಅಗ್ಗದಲ್ಲಿ ಅರ್ಧ ಕೆಲಸ ಮುಗಿಯುತ್ತದೆ.

ಉಳಿದರ್ಧ ದಶಕಗಟ್ಟಲೆ ಹಾಗೇ ಉಳಿಯಿತು. 1970ರ ದಶಕದ ಕೊನೆಗೆ ರೈನ್ ದಡದಲ್ಲಿ ಒಂದು ಭಾರಿ ಶುದ್ಧೀಕರಣ ಘಟಕ ಬಂತು. ಹೊಳೆಯಲ್ಲಿ ಬಂದದ್ದನ್ನೆಲ್ಲ ಅದರೊಳಗೆ ಹಾಯಿಸಿ ಆಮೇಲೆ ರೈನ್‌ಗೆ ಬಿಡುವುದು. ಇಡೀ ನದಿಯನ್ನೇ ಫಿಲ್ಟರ್ ಮಾಡುವ ಕೆಲಸ! ರೈನ್‌ಗೆ ಉಪಕಾರವಾಯಿತು. ಮೇಲಿನ ಊರುಗಳ ನಡುವೆ ಕೊಚ್ಚೆ ಹರಿಯುವುದು ಮಾತ್ರ ನಿಲ್ಲಲಿಲ್ಲ.

1980ರ ದಶಕದಲ್ಲಿ ಗಣಿಗಾರಿಕೆ ಉತ್ತರಕ್ಕೆ ಸರಿದಿತ್ತು. ಇಲ್ಲಿ ನೆಲ ಕುಸಿಯುವುದು ನಿಂತಿತು. ಅಂದರೆ ಪೈಪ್ ಹಾಕಬಹುದು. 1990ರ ದಶಕದ ಶುರುವಿನಲ್ಲಿ ಸಂಘ ತೀರ್ಮಾನ ಮಾಡಿತು: ಕೊಚ್ಚೆಯೆಲ್ಲ ನೆಲದಡಿಗೆ, ಹೊಳೆಯಲ್ಲಿ ಮಳೆ ಮತ್ತು ಊಟೆಯ ನೀರು ಮಾತ್ರ. ಅವಧಿ ಮೂವತ್ತು ವರ್ಷ, ಖರ್ಚು ಸುಮಾರು 550 ಕೋಟಿ ಯೂರೋ. ರಾಜ್ಯ ಸರ್ಕಾರದ ನೆರವು, ಯೂರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಸಾಲ ಇತ್ತಾದರೂ ದೊಡ್ಡ ಪಾಲು ಬಂದದ್ದು ಸದಸ್ಯರ ವಂತಿಗೆಯಿಂದಲೇ.

ಇದರ ಬೆನ್ನೆಲುಬು ಡಾರ್ಟ್‌ಮುಂಡ್‌ನಿಂದ ಡಿನ್ಸ್‌ಲಾಕನ್‌ವರೆಗಿನ 51 ಕಿಲೋಮೀಟರ್ ಉದ್ದದ ದೊಡ್ಡ ಒಳಚರಂಡಿ. ಅದರ ಪೈಪು ಮನುಷ್ಯನ ಎತ್ತರದಿಂದ ಶುರುವಾಗಿ 2.8 ಮೀಟರ್ ಅಗಲದವರೆಗೆ ಇದೆ. ಪ್ರತಿ ಕಿಲೋಮೀಟರಿಗೆ ಒಂದೂವರೆ ಮೀಟರ್ ಇಳಿಯುತ್ತದೆ. ಇದು ಜಾಸ್ತಿಯಾದರೂ ಕಷ್ಟ, ಕಮ್ಮಿಯಾದರೂ ಕಷ್ಟ. ಹರಿವು ನಿಧಾನವಾದರೆ ಮರಳು, ಗಷ್ಟು ತಳದಲ್ಲಿ ಕೂರುತ್ತವೆ. ಕೂತದ್ದು ಕೊಳೆತು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಅದೇ ಕೊಳೆತ ಮೊಟ್ಟೆಯ ವಾಸನೆಯದ್ದು. ಪೈಪಿನ ಚಾವಣಿಯ ತೇವದಲ್ಲಿರುವ ಬ್ಯಾಕ್ಟೀರಿಯಾಗಳು ಆ ಅನಿಲವನ್ನು ಗಂಧಕಾಮ್ಲವಾಗಿ ಮಾಡುತ್ತವೆ. ಆಮ್ಲ ಕಾಂಕ್ರೀಟನ್ನು ಮೇಲಿನಿಂದ ತಿನ್ನುತ್ತದೆ. ಒಳಚರಂಡಿ ಕುಸಿಯುವುದು ಬಹಳ ಸಲ ತಲೆಯ ಕಡೆಯಿಂದಲೇ, ಕಾರಣ ಇದು.

51 ಕಿಲೋಮೀಟರಿಗೆ ಲೆಕ್ಕ ಹಾಕಿದರೆ 75 ಮೀಟರಿನಷ್ಟು ಇಳಿತ. ಮೇಲಿನ ನೆಲ ಅಷ್ಟು ಇಳಿಯುವುದಿಲ್ಲ. ಹೀಗಾಗಿ ಪೈಪು ಮುಂದೆ ಹೋದಷ್ಟೂ ಆಳಕ್ಕೆ ಹೋಗಿ, ಕೊನೆಗೆ 40 ಮೀಟರ್ ಕೆಳಗಿರುತ್ತದೆ. ಗೆಲ್ಸನ್‌ಕಿರ್ಶೆನ್, ಬೊಟ್ರಾಪ್, ಓಬರ್‌ಹೌಸನ್ ಮೂರು ಕಡೆ ಪಂಪು ಹಾಕಿ ಕೊಚ್ಚೆಯನ್ನು ಮೇಲೆತ್ತುತ್ತಾರೆ. ಒಂದು ಸಲ ಹರಿಯಲು ಶುರುವಾದ ಮೇಲೆ ಈ ಪೈಪು ಖಾಲಿಯಾಗುವುದಿಲ್ಲ, ಆಳು ಇಳಿದು ನೋಡುವಂತಿಲ್ಲ. ಅದಕ್ಕೇ ಒಳಗೆ ತೇಲುತ್ತಾ ಬಿರುಕು ಹುಡುಕುವ ರೋಬೋಟ್‌ಗಳನ್ನು ಫ್ರೌನ್‌ಹೋಫರ್ ಸಂಸ್ಥೆಯವರು ಮಾಡಿಕೊಟ್ಟರು.

ಬಹಳ ಕಡೆ ಊರವರು ಹತ್ತಿಪ್ಪತ್ತು ವರ್ಷ ದುಡ್ಡು ಕಟ್ಟಿದರೂ ಕಣ್ಣಿಗೆ ಕಂಡದ್ದು ರಸ್ತೆ ಅಗೆತ ಮಾತ್ರ. ಮೊದಲು ಪೈಪು, ಆಮೇಲೆ ಹೊಳೆ. ಈ ಸರದಿ ತಪ್ಪಿಸುವಂತಿಲ್ಲ, ಕೊಚ್ಚೆ ಹರಿಯುತ್ತಿರುವ ಹೊಳೆಯ ದಂಡೆಯಲ್ಲಿ ಗಿಡ ನೆಟ್ಟು ಏನು ಮಾಡುವುದು? ನೆಲದಡಿಯ ಪೈಪಿನ ಹೆಸರಲ್ಲಿ ಯಾವ ಮೇಯರೂ ಚುನಾವಣೆ ಗೆಲ್ಲುವುದಿಲ್ಲ. ಒಂದೊಂದೇ ನಗರಸಭೆಗೆ ಬಿಟ್ಟಿದ್ದರೆ ಮೂರನೇ ಚುನಾವಣೆಯ ಹೊತ್ತಿಗೆ ಯಾರಾದರೂ ಕೈಬಿಡುತ್ತಿದ್ದರು ಅಂತ ನನ್ನ ಅಂದಾಜು. ವಂತಿಗೆ ಕಾನೂನಿನಲ್ಲಿ ಕೂತಿದ್ದರಿಂದ ಕೈಬಿಡುವ ದಾರಿಯೇ ಇರಲಿಲ್ಲ.

2021ರ ಕೊನೆಗೆ ಎಮ್ಷರ್‌ಗೆ ಕೊಚ್ಚೆ ಬೀಳುವುದು ನಿಂತಿತು. ಕಾಂಕ್ರೀಟ್ ಕಿತ್ತು, ಜಾಗ ಇದ್ದಲ್ಲಿ ಹೊಳೆಗೆ ಮತ್ತೆ ಬಳುಕಲು ಬಿಡುತ್ತಿದ್ದಾರೆ. ಮೊದಲು ವಾಪಸಾಗುವುದು ರೆಕ್ಕೆ ಇರುವಂಥವು: ಏರೋಪ್ಲೇನ್ ಚಿಟ್ಟೆ, ಮಿಂಚುಳ್ಳಿ. ಮೀನಿಗೆ ನೀರಿನ ದಾರಿಯೇ ಬೇಕು. ಬೊಟ್ರಾಪ್‌ನ ಬೋಯೆ ಹಳ್ಳದ ಮೇಲ್ಭಾಗದಲ್ಲಿ ಗ್ರೊಪ್ಪೆ ಅನ್ನುವ ಬೆರಳುದ್ದದ ಮೀನು ಅಷ್ಟು ವರ್ಷ ಹೇಗೋ ಉಳಿದುಕೊಂಡಿತ್ತು. ಅದಕ್ಕೆ ಈಜುಚೀಲವಿಲ್ಲ, ತಳದಲ್ಲೇ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತಾ ಓಡಾಡುತ್ತದೆ. ಒಂದು ಗೇಣಿನ ಅಡ್ಡಗಟ್ಟೆ ಇದ್ದರೂ ಹತ್ತಲಾರದು. ಅದನ್ನು ಹಿಡಿದು ಬೇರೆ ಹಳ್ಳಗಳಿಗೆ ಬಿಟ್ಟರು. ರೈನ್ ಸೇರುವಲ್ಲಿ ಹಲವು ಮೀಟರ್ ಎತ್ತರದಿಂದ ಧುಮುಕುತ್ತಿದ್ದ ಹೊಳೆಗೆ 2022ರಲ್ಲಿ ಅಗಲವಾದ ಹೊಸ ಮುಖಜಭೂಮಿ ಮಾಡಿಕೊಟ್ಟರು. ಈಗ ರೈನ್‌ನ ಮೀನು ಮೇಲಕ್ಕೆ ಬರಬಹುದು.

ಕುಸಿದ ನೆಲ ಮಾತ್ರ ಮೇಲೆ ಬರುವುದಿಲ್ಲ. ತಗ್ಗಿನಲ್ಲಿ ನಿಲ್ಲುವ ನೀರನ್ನು ಎತ್ತಿಹಾಕುವ ಪಂಪುಗಳನ್ನು ನಿಲ್ಲಿಸಿದರೆ ಈ ಪ್ರದೇಶದ ಐದರಲ್ಲಿ ಎರಡು ಪಾಲಿನಷ್ಟು ನೆಲ ನೀರಲ್ಲಿ ಮುಳುಗುತ್ತದೆ. ಆ ಪಂಪುಗಳು ಯಾವತ್ತಿಗೂ ಓಡುತ್ತಲೇ ಇರಬೇಕು. ನೆಲದಡಿಯಿಂದ ಕಲ್ಲಿದ್ದಲು ತೆಗೆಯುತ್ತಿದ್ದ ಜರ್ಮನಿಯ ಕೊನೆಯ ಗಣಿ ಬೊಟ್ರಾಪ್‌ನಲ್ಲಿ 2018ರ ಡಿಸೆಂಬರಿನಲ್ಲಿ ಮುಚ್ಚಿತು. ಗಣಿ ಹೋದ ಮೇಲೂ ಅದರ ಪಾಲಿನ ಇಂಥ ಖರ್ಚು ಭರಿಸಲೆಂದೇ 2007ರಲ್ಲಿ ಆರ್‌ಎಜಿ ಪ್ರತಿಷ್ಠಾನ ಹುಟ್ಟಿತ್ತು.

ಈಗ ಊರುಗಳ ಗಮನ ಮಳೆಯ ಕಡೆ. ತಾರಸಿಯ ಚೊಕ್ಕ ನೀರು ಕೊಚ್ಚೆಯ ಪೈಪಿಗೆ ಹೋದರೆ ಎರಡು ನಷ್ಟ. ಶುದ್ಧೀಕರಣ ಘಟಕಕ್ಕೆ ದಂಡ ಕೆಲಸ, ಜೋರು ಮಳೆಯಲ್ಲಿ ಪೈಪು ತುಂಬಿ ಕೊಚ್ಚೆ ಬೆರೆತ ನೀರು ಹೊಳೆಗೆ ಉಕ್ಕುತ್ತದೆ. 2005ರಲ್ಲಿ ಎಮ್ಷರ್ ಊರುಗಳು ಒಂದು ಒಪ್ಪಂದ ಮಾಡಿಕೊಂಡವು: ತಾರಸಿ, ರಸ್ತೆ, ಅಂಗಳದಂಥ ನೀರಿಂಗದ ಜಾಗದಲ್ಲಿ ನೂರಕ್ಕೆ 15 ಪಾಲನ್ನು 15 ವರ್ಷದಲ್ಲಿ ಒಳಚರಂಡಿಯಿಂದ ಬಿಡಿಸುವುದು. ಪೈಪು ಹಾಕುವುದಕ್ಕಿಂತ ಇದು ಕಷ್ಟದ ಕೆಲಸ. ಇಲ್ಲಿ ಜಾಗ ಸಂಘದ್ದಲ್ಲ, ಸಾವಿರಾರು ಮನೆಯವರದು, ಶಾಲೆಯದು, ಅಂಗಡಿಯದು. ಅಲ್ಲಿ ಮನೆಯ ಬಿಲ್ಲಿನಲ್ಲಿ ಮಳೆನೀರಿಗೆ ಬೇರೆಯೇ ಶುಲ್ಕ ಇದೆ, ತಾರಸಿ ಮತ್ತು ಸಿಮೆಂಟ್ ಅಂಗಳದ ಚದರ ಮೀಟರ್ ಲೆಕ್ಕದಲ್ಲಿ. ಅಂಗಳದ ಸಿಮೆಂಟ್ ಕಿತ್ತು ನೀರು ಇಂಗಲು ಬಿಟ್ಟವರಿಗೆ ಬಿಲ್ಲು ಇಳಿಯುತ್ತದೆ.